ನಿಜವಾದ ಬೆಂಕಿಗೆ ಮಾತ್ರ

ಜನವರಿ 11

ಅಕ್ಕಾ,

ತಾಳ್ಮೆ ಅನ್ನುವ ಮಾತನ್ನು ಇನ್ನೊಂದು ಸಲ ನನಗೆ ಬರೆಯಬೇಡ. ತಾಳ್ಮೆ ಬೇಕಾದ್ದು ಬಸ್ಸಿಗೆ ಕಾಯುವವನಿಗೆ. ಬಾವಿ ನೀರು ಕುಡಿಯುವವರಿಗೆ ಅದರಿಂದ ಏನು ಉಪಯೋಗ? ಲೋಕದ ದೇಶಗಳೆಲ್ಲ ಒಂದು ಕಡೆ ಕೂತು ಮಾತಾಡುತ್ತವೆ, ಒಪ್ಪಂದದಲ್ಲಿ ಈ ವಿಷದ ಹೆಸರು ಸೇರಿಸುತ್ತವೆ, ಆಮೇಲೆ ಎಲ್ಲ ಸರಿಹೋಗುತ್ತೆ ಅನ್ನುತ್ತೀಯ. ಕೂತು ಮಾತಾಡಲಿ, ಬೇಡ ಅಂದವರು ಯಾರು. ಅವರ ಮುಂದೆ ಬಾಟಲಿ ನೀರು ಇಟ್ಟಿರುತ್ತಾರೆ ತಾನೇ? ಇಲ್ಲಿ ನಿನ್ನ ತಮ್ಮನ ಹೆಂಡತಿ ದಿನಾ ಬೆಳಿಗ್ಗೆ ಅದೇ ಬಾವಿಯಿಂದ ಸೇದುತ್ತಾಳೆ. ಅವಳಿಗೆ ಈಗ ಮೂರು ತಿಂಗಳು.

ಕಳೆದ ಸಲ ಬಂದಾಗ ಬ್ಯಾಗಿನಲ್ಲಿ ಬಾಟಲಿ ತುಂಬಿಕೊಂಡು ಹೋದವಳು ನೀನು. ನಿಮ್ಮ ಇಲಾಖೆಯ ಪ್ರಯೋಗಾಲಯದಲ್ಲಿ ಕೊಟ್ಟು ನೋಡಿಸಿದವಳೂ ನೀನು. ನಾನೇನು ಕೇಳಿದ್ದೆನಾ? ಗೊತ್ತಿಲ್ಲದೆ ಹಾಯಾಗಿದ್ದೆ. ಬೆಂಕಿ ಆರಿಸುವ ನಮ್ಮ ನೊರೆಯಲ್ಲಿರುವ ಆ ರಾಸಾಯನಿಕ ಕಾಯಿಸಿದರೂ ಹೋಗುವುದಿಲ್ಲ, ಸೋಸಿದರೂ ಹೋಗುವುದಿಲ್ಲ, ಮಣ್ಣಿಗೆ ಬಿದ್ದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರುತ್ತೆ ಅಂತ ಬರೆದು, ಕೊನೆಗೆ ತಾಳ್ಮೆ ಇರಲಿ ಅಂತ ಸೇರಿಸಿದ್ದೀಯ. ಹುಣ್ಣು ಕೆರೆದು ಗಾಳಿ ಊದಿದ ಹಾಗೆ.

ಸುಮ್ಮನಿರಲಾರದೆ ನಮ್ಮ ಎಣ್ಣೆ ಡಿಪೋದ ಸೇಫ್ಟಿ ಸಾಹೇಬರ ಹತ್ತಿರ ಹೋದೆ. ಅಭ್ಯಾಸದ ಹೊಂಡ ಬಾವಿಗೆ ಅಂಟಿಕೊಂಡೇ ಇದೆ ಸಾರ್, ತಿಂಗಳು ತಿಂಗಳು ನಾವು ಅದರಲ್ಲಿ ಎಣ್ಣೆ ಸುರಿದು, ಬೆಂಕಿ ಹಚ್ಚಿ, ನೊರೆ ಹೊಡೆದು ಆರಿಸುತ್ತೇವೆ, ಆ ನೊರೆಯೆಲ್ಲ ಇಂಗಿ ಎಲ್ಲಿಗೆ ಹೋಗುತ್ತೆ ಹೇಳಿ ಅಂದೆ. ಕ್ವಾರ್ಟರ್ಸಿಗೆ ದಿನಾ ಒಂದು ಟ್ಯಾಂಕರ್ ನೀರು ಬಿಡಿಸಿ ಅಂದೆ. ಯಾರು ಹೇಳಿಕೊಟ್ಟಿದ್ದು ಅಂದರು. ನಿನ್ನ ಸುದ್ದಿ ಎತ್ತಲಿಲ್ಲ, ಹೆದರಬೇಡ. ನೀರಿಗೆ ವಾಸನೆ ಇದೆಯಾ, ಬಣ್ಣ ಇದೆಯಾ, ಹುಳ ಇದೆಯಾ ಅಂತ ಕೇಳಿದರು. ಯಾವುದೂ ಇಲ್ಲ ಅಂದೆ.

"ಮತ್ತೆ ಕೆಟ್ಟಿರೋದು ಏನಯ್ಯಾ, ನಿನ್ನ ತಲೇನಾ?" ಅಂದರು.

ಆಫೀಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕುಬಿಟ್ಟೆ. ಅದೇ ಈಗ ಹೊಟ್ಟೆ ಉರಿಸುತ್ತಿರುವುದು.

ಇನ್ನು ಅಪ್ಪ. ನಿವೃತ್ತಿ ಆದರೂ ಡಿಪೋದಲ್ಲಿ ಎಲ್ಲರಿಗೂ ಅವರು ಇನ್ನೂ ನೊರೆ ಮೇಸ್ತ್ರಿನೇ. ಎಣ್ಣೆ ಟ್ಯಾಂಕಿಗೆ ಬೆಂಕಿ ಬಿದ್ದಾಗ ನೀರು ಹೊಡೆದರೆ ಬೆಂಕಿ ತೇಲಿಕೊಂಡು ಹರಡುತ್ತೆ, ನೊರೆ ಹೊದಿಸಿದರೆ ಉಸಿರು ಕಟ್ಟಿ ಸಾಯುತ್ತೆ ಅಂತ ನಮಗೆ ಊಟದ ಜೊತೆ ಕಲಿಸಿದವರು. ಅವರಿಗೆ ಮೆಲ್ಲಗೆ ಹೇಳಿದೆ. ಕೇಳಿಸಿಕೊಂಡರು. ಎದ್ದರು. ಬಾವಿಯಿಂದ ಒಂದು ಕೊಡ ಸೇದಿ, ನನ್ನ ಎದುರಿಗೆ ನಿಂತು ದೊಡ್ಡ ಲೋಟದಲ್ಲಿ ಗಟಗಟ ಕುಡಿದು, ಲೋಟ ಬೋರಲು ಹಾಕಿ ತೋರಿಸಿದರು.

ಯಾಕೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅಭ್ಯಾಸದ ದಿನ ಮಿಕ್ಕ ನೊರೆಯನ್ನು ಬಕೆಟ್ಟಿನಲ್ಲಿ ಮನೆಗೆ ತರುತ್ತಿದ್ದರಲ್ಲ, ಅಮ್ಮ ಅದರಲ್ಲೇ ಬಟ್ಟೆ ನೆನೆಸುತ್ತಿದ್ದಳಲ್ಲ, ಪಾತ್ರೆ ಫಳಫಳ ಆಗುತ್ತೆ ಅಂತ ಅಕ್ಕಪಕ್ಕದವರ ಮುಂದೆ ಮೆರೆಯುತ್ತಿದ್ದಳಲ್ಲ. ಬೇರೆ ಹೆಂಗಸರಿಗೆ ಸಿಗದ ಸೋಪು ಅವಳಿಗೆ ಸಿಕ್ಕಿತ್ತು. ಆ ನೊರೆ ವಿಷ ಅಂತ ಅಪ್ಪ ಒಪ್ಪಿದರೆ ಅಮ್ಮನನ್ನು ಕೊಂಡೊಯ್ದ ಕಾಯಿಲೆಯ ಮಾತೂ ಒಪ್ಪಬೇಕಾಗುತ್ತೆ.

ಪತ್ರವನ್ನೇ ಬರಿ. ಮೊಬೈಲು ಡಿಪೋ ಗೇಟಿನ ಒಳಗೆ ಬಿಡುವುದಿಲ್ಲ, ಕ್ವಾರ್ಟರ್ಸ್ ಗೇಟಿನ ಒಳಗೇ ಇದೆ. ಮನೆಯ ಫೋನು ಅಪ್ಪನ ಕುರ್ಚಿ ಪಕ್ಕದಲ್ಲಿ.

ನಿನ್ನ ತಮ್ಮ


ಫೆಬ್ರವರಿ 27

ತಮ್ಮಾ,

ನೀನು ಬೈದದ್ದೆಲ್ಲ ಓದಿದೆ. ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡೇ ಇಲ್ಲಿಗೆ ಬಂದೆ. ಈಗ ಸಮುದ್ರದ ಆಚೆ, ಒಪ್ಪಂದದ ಸಭೆ ನಡೆಯುವ ಊರಿನಲ್ಲಿದ್ದೇನೆ. ಸಭಾಂಗಣ ಎಷ್ಟು ದೊಡ್ಡದು ಅಂದರೆ, ನಿಮ್ಮ ದೊಡ್ಡ ಟ್ಯಾಂಕನ್ನು ಮಲಗಿಸಿದರೂ ಇನ್ನೂ ಜಾಗ ಉಳಿಯುತ್ತೆ. ಪ್ರತಿ ದೇಶಕ್ಕೂ ಒಂದು ಬೋರ್ಡು, ಒಂದು ಮೈಕು, ಕಿವಿಗೆ ಹಾಕಿಕೊಳ್ಳುವ ಯಂತ್ರ. ನಾನು ನಮ್ಮ ಅಧಿಕಾರಿಯ ಬೆನ್ನ ಹಿಂದಿನ ಕುರ್ಚಿಯಲ್ಲಿ ಕೂತು, ಅವರು ಕೈ ಹಿಂದೆ ಚಾಚಿದಾಗ ಸರಿಯಾದ ಕಾಗದ ಇಡುವುದು, ಅವರು ಹೇಳಿದ ಹಾಗೆ ಕರಡು ಬರೆಯುವುದು, ಅಷ್ಟೇ. ಇಲ್ಲಿ ಜಗಳ ಕೂಡ ಪಿಸುಮಾತಿನಲ್ಲೇ ನಡೆಯುತ್ತೆ.

ನಿಜವಾದ ಕೆಲಸ ನಡೆಯುವುದು ಆ ಅಂಗಣದಲ್ಲಿ ಅಲ್ಲ, ಕಿಟಕಿಯೇ ಇಲ್ಲದ ಸಣ್ಣ ಕೋಣೆಗಳಲ್ಲಿ. ಯಾವ ದೇಶಕ್ಕೆ ಯಾವ ಮಾತು ಒಪ್ಪಿಗೆಯಿಲ್ಲವೋ ಅದನ್ನು ಕಂಸದಲ್ಲಿ ಹಾಕಿಡುತ್ತಾರೆ. ಒಂದೊಂದು ಕಂಸ ಬಿಡಿಸಲು ಅರ್ಧ ದಿನ. ನೆಲ ಒರೆಸುವವರು ಬಂದು ಕಾಲೆತ್ತಿ ಅಂದಾಗಲೂ ನಾವು ಅಲ್ಲೇ ಇದ್ದೆವು.

ಆದರೆ ಆಯಿತು, ತಮ್ಮಾ. ನಿಮ್ಮ ನೊರೆಯಲ್ಲಿರುವ ಆ ರಾಸಾಯನಿಕ ಪಟ್ಟಿಗೆ ಸೇರಿತು. ಹೊಸದಾಗಿ ಯಾರೂ ತಯಾರಿಸುವಂತಿಲ್ಲ. ಈಗಾಗಲೇ ಡ್ರಮ್ಮುಗಳಲ್ಲಿ ಇರುವುದನ್ನು ಅಭ್ಯಾಸಕ್ಕೆ ಬಳಸುವಂತಿಲ್ಲ, ಪರೀಕ್ಷೆಗೆ ಬಳಸುವಂತಿಲ್ಲ. ದಾಸ್ತಾನು ಮುಗಿಯುವ ತನಕ ನಿಜವಾದ ಬೆಂಕಿಗೆ ಮಾತ್ರ. ಡಿಪೋದಲ್ಲಿ ನಿಜವಾದ ಬೆಂಕಿ ಬಿದ್ದದ್ದು ನಾನು ಹುಟ್ಟಿದ ಮೇಲೆ ಒಂದೇ ಸಲ ಅಂತ ಅಪ್ಪನೇ ಹೇಳುತ್ತಾರಲ್ಲ. ಅಂದರೆ ನಿಮ್ಮ ಹೊಂಡ ಇನ್ನು ಒಣಗುತ್ತೆ. ಊರಿಗೆ ಮರಳಿದ ಕೂಡಲೇ ಸುತ್ತೋಲೆಯ ಕಡತವನ್ನು ನಾನೇ ಟೇಬಲ್ಲಿನಿಂದ ಟೇಬಲ್ಲಿಗೆ ಹೊತ್ತುಕೊಂಡು ಓಡಾಡುತ್ತೇನೆ. ತಾಳ್ಮೆ ಅನ್ನುವುದಿಲ್ಲ, ಸಾಕಾ?

ಮೊಗಸಾಲೆಯಲ್ಲಿ ಒಂದು ಸಂಘದವರು ಬಂದವರ ರಕ್ತ ತೆಗೆದು, ಯಾವ ಯಾವ ರಾಸಾಯನಿಕ ಎಷ್ಟಿದೆ ಅಂತ ನೋಡುತ್ತಿದ್ದರು. ಎಲ್ಲರೂ ತಮಾಷೆಗೆ ತೋಳು ಮಡಚಿದರು. ನಾನೂ ಕೊಟ್ಟೆ. ಸೂಜಿ ಕಂಡರೆ ಓಡುತ್ತಿದ್ದವಳು ನಿನ್ನ ಅಕ್ಕ, ನೆನಪಿದೆಯಾ?

ನಿನ್ನ ಹೆಂಡತಿಗೆ ಚೆನ್ನಾಗಿ ತಿನ್ನಲು ಹೇಳು.

ಅಕ್ಕ


ಏಪ್ರಿಲ್ 3

ಅಕ್ಕಾ,

ಸುತ್ತೋಲೆ ಬಂತು! ಪಂಪ್ ರೂಮಿನ ಗೋಡೆಗೆ ಅಂಟಿಸಿದ್ದಾರೆ. ಕೆಳಗೆ ಗೋಂದು ಇನ್ನೂ ಸೋರುತ್ತಿದೆ. ನಾನು ಜೋರಾಗಿ ಓದಿ ಎಲ್ಲರಿಗೂ ಕೇಳಿಸಿದೆ. ಇದು ನಮ್ಮಕ್ಕ ಮಾಡಿಸಿದ್ದು ಅಂತ ನಾಲಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಸೇಫ್ಟಿ ಸಾಹೇಬರು ಕೈ ಹಿಂದೆ ಕಟ್ಟಿಕೊಂಡು ಅದರ ಮುಂದೆ ಬಹಳ ಹೊತ್ತು ನಿಂತಿದ್ದರು. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆ ಎದುರಾದವರ ಹಾಗೆ.

ಅಭ್ಯಾಸ ನಿಂತಿದೆ. ಹೊಂಡದ ತಳ ಬಿರುಕು ಬಿಟ್ಟು ಅಂಚಿನಲ್ಲಿ ಹುಲ್ಲು ಬರುತ್ತಿದೆ. ಇವಳ ವಾಂತಿ ನಿಂತಿದೆ. ಸುತ್ತೋಲೆಯಿಂದ ಅಂತ ನಾನು ಹೇಳಿದೆ, ಆರನೇ ತಿಂಗಳಿಗೆ ಎಲ್ಲರಿಗೂ ನಿಲ್ಲುತ್ತೆ ಅಂತ ಅವಳು ಹೇಳಿದಳು. ಗೇಟಿನ ಹೊರಗಿನ ನಲ್ಲಿಯಿಂದ ಸೈಕಲ್ಲಿನಲ್ಲಿ ಎರಡು ಕ್ಯಾನು ತರುತ್ತಿದ್ದೇನೆ. ಅಡುಗೆಗೂ ಅವಳು ಕುಡಿಯುವುದಕ್ಕೂ ಆಗುತ್ತೆ, ನಲ್ಲಿ ಬಂದ ದಿನ. ಬರದ ದಿನ ಬಾವಿಯೇ.

ಅಪ್ಪ ಮಾತ್ರ ಮುಖ ಊದಿಸಿಕೊಂಡಿದ್ದಾರೆ. ಅಭ್ಯಾಸದ ದಿನ ಬಂದರೆ ಅವರನ್ನು ಕರೆಸಿ, ಗಾಳಿ ಯಾವ ಕಡೆ, ಎಲ್ಲಿಂದ ನೊರೆ ಹೊದಿಸಬೇಕು ಅಂತ ಕೇಳುತ್ತಿದ್ದರಲ್ಲ, ಈಗ ಯಾರೂ ಕರೆಯುವುದಿಲ್ಲ. ಬೆಳಿಗ್ಗೆ ಬೂಟಿಗೆ ಪಾಲಿಷ್ ಹಾಕಿಕೊಂಡು ಕಟ್ಟೆ ಮೇಲೆ ಕೂರುತ್ತಾರೆ.

ನಿನಗೆ ದೊಡ್ಡ ಥ್ಯಾಂಕ್ಸ್. ಬೈದದ್ದರಲ್ಲಿ ಅರ್ಧ ವಾಪಸ್ ತಗೊಂಡಿದ್ದೇನೆ. ಇನ್ನರ್ಧ ಮುಂದಕ್ಕೆ ಬೇಕಾಗಬಹುದು.

ತಮ್ಮ


ಏಪ್ರಿಲ್ 22

ತಮ್ಮಾ,

ಅವಳನ್ನು ಅವಳ ಅಮ್ಮನ ಮನೆಗೆ ಕಳಿಸು. ಈ ವಾರವೇ. ಹೆರಿಗೆ ಆಗಿ ಮಗುವಿಗೆ ಒಂದು ವರ್ಷ ಆಗುವ ತನಕ ಅಲ್ಲೇ ಇರಲಿ. ಕಾರಣ ಕೇಳಬೇಡ. ನಲ್ಲಿ ನೀರು ಬಂದ ದಿನ ಬಂತು, ಇಲ್ಲದ ದಿನ ಬಾವಿ ಅನ್ನುವ ಲೆಕ್ಕ ಸಾಲದು.

ಅಪ್ಪನ ಊಟಕ್ಕೆ ಏನಾದರೂ ವ್ಯವಸ್ಥೆ ಮಾಡಿದರಾಯಿತು.

ಅಕ್ಕ


ಮೇ 6

ಅಕ್ಕಾ,

ಒಂದು ಸಾಲಿನಲ್ಲಿ ಕಳಿಸು ಅಂತ ಬರೆಯುವುದು ಸುಲಭ. ಅವಳ ಅಮ್ಮನ ಮನೆ ಅಂದರೆ ಒಂದು ಕೋಣೆ, ಅದರಲ್ಲಿ ಆಗಲೇ ಐದು ಜನ. ನಿನ್ನ ಪತ್ರ ಅವಳಿಗೆ ತೋರಿಸಿದೆ. "ಅತ್ತಿಗೆಗೆ ನಾನು ಮಾಡೋ ಅಡುಗೆ ಹಿಡಿಸಲಿಲ್ಲವೇನೋ" ಅಂತ ನಕ್ಕು, ಆಮೇಲೆ ಒಲೆಯ ಕಡೆ ತಿರುಗಿ ನಿಂತಳು. ಕಾರಣ ಕೇಳಬೇಡ ಅಂದರೆ ಏನರ್ಥ? ನೀನು ದೊಡ್ಡ ಆಫೀಸಿನಲ್ಲಿದ್ದೀಯ, ನಾವು ಹತ್ತನೇ ಕ್ಲಾಸು, ಹೇಳಿದ್ದು ಮಾಡಿದರೆ ಸಾಕು ಅಂತಲಾ? ನಿನ್ನ ಮಾತಿನಲ್ಲಿ ಸಾಹೇಬರ ಸೊಲ್ಲು ಬಂದಿದೆ. ಸಿಟ್ಟಿನಲ್ಲಿ ಅವಳನ್ನು ಕಳಿಸಲಿಲ್ಲ. ಅಭ್ಯಾಸವೂ ನಿಂತಿತ್ತಲ್ಲ.

ನಿಂತಿತ್ತು ಅಂದೆನಾ? ಕೇಳು.

ಏಪ್ರಿಲ್ ಕೊನೆಯಲ್ಲಿ ಬೇಲಿ ಪಕ್ಕದ ಒಣಹುಲ್ಲಿಗೆ ಬೆಂಕಿ ಬಿತ್ತು. ಸೈರನ್ ಕೂಗಿತು, ಓಡಿದೆವು. ಒಂದು ಬಕೆಟ್ ನೀರಿಗೆ ಆರುವ ಬೆಂಕಿ. ಸಾಹೇಬರು ಹಳೇ ನೊರೆ ಹೊಡೆಯಿರಿ ಅಂದರು. ಹೊಡೆದೆವು. ಎರಡು ಡ್ರಮ್ಮು ಖಾಲಿ. ನಾಲ್ಕು ದಿನ ಬಿಟ್ಟು ಹೊಂಡದ ಪಕ್ಕ ಒಟ್ಟಿದ್ದ ಹಳೇ ಹೋಸ್ ಪೈಪುಗಳಿಗೆ ಬೆಂಕಿ. ಮತ್ತೆ ನೊರೆ. ಆಮೇಲೆ ಒಣಗಿದ ಹೊಂಡಕ್ಕೆ ಯಾರೋ ತಂದು ಸುರಿದಿದ್ದ ಕೊಳಕು ಎಣ್ಣೆಗೆ. ಮಳೆಯಿಲ್ಲ, ಮಿಂಚಿಲ್ಲ, ಬೀಡಿ ಸೇದುವವರಿಲ್ಲ. ಎಂದೂ ಬೀಳದ ಬೆಂಕಿ ಹೀಗೆ ಕರೆದ ಹಾಗೆ ಬಂದರೆ ಯಾರಿಗೆ ಅನುಮಾನ ಬರುವುದಿಲ್ಲ?

ಮೂರನೇ ಬೆಂಕಿಯ ದಿನ ನಾನು ಡ್ಯೂಟಿಗೆ ಸ್ವಲ್ಪ ಮೊದಲೇ ಹೋಗಿದ್ದೆ. ಹೊಂಡದ ಅಂಚಿನಲ್ಲಿ ಪಂಜು ಹಿಡಿದು ನಿಂತಿದ್ದವರು ಯಾರು ಗೊತ್ತಾ? ನಮ್ಮ ಅಪ್ಪ. ಬೂಟು ಮಿರಮಿರ ಮಿಂಚುತ್ತಿತ್ತು. ಬೆರಳು ಒದ್ದೆ ಮಾಡಿ ಗಾಳಿ ನೋಡುತ್ತಿದ್ದರು. ಸಾಹೇಬರು ಹಿಂದೆ ನಿಂತು, ನಿಮ್ಮ ಕೈಗುಣ ಬೇರೆಯವರಿಗೆ ಬರಲ್ಲ ಮೇಸ್ತ್ರಿ, ಅಂತ ಬೆಣ್ಣೆ ಹಚ್ಚುತ್ತಿದ್ದರು.

ನಾನು ಸಾಹೇಬರನ್ನು ತಡೆದು ಕೇಳಿದೆ. ಅಭ್ಯಾಸ ಮಾಡಬಾರದು ಅಂತ ಗೋಡೆ ಮೇಲೆ ಇದೆಯಲ್ಲ ಸಾರ್ ಅಂದೆ.

"ಇದು ಅಭ್ಯಾಸ ಅಲ್ಲ ಕಣಯ್ಯ, ಬೆಂಕಿ. ಬೆಂಕಿ ಬಿದ್ರೆ ಆರಿಸಬೇಡವಾ?"

"ನೀವೇ ಹಚ್ಚಿಸ್ತಿದ್ದೀರಲ್ಲ ಸಾರ್."

"ಹಚ್ಚಿದ್ರೆ ಅದು ಸುಳ್ಳು ಬೆಂಕಿ ಆಗುತ್ತಾ? ಕೈ ಇಟ್ಟು ನೋಡು, ಸುಡುತ್ತೋ ಇಲ್ಲವೋ."

ಆಮೇಲೆ ಹೆಗಲ ಮೇಲೆ ಕೈ ಹಾಕಿ, ಸ್ನೇಹಿತನ ಹಾಗೆ ವಿವರಿಸಿದರು. ಹಳೇ ದಾಸ್ತಾನು ಸೊನ್ನೆ ಆಗದೆ ಹೊಸ ನೊರೆ ಕೊಡುವುದಿಲ್ಲವಂತೆ. ಹಳೆಯದನ್ನು ಹಡಗಿನಲ್ಲಿ ದೂರದ ದೇಶಕ್ಕೆ ಕಳಿಸಿ, ಅಲ್ಲಿನ ದೊಡ್ಡ ಕುಲುಮೆಯಲ್ಲಿ ಸುಡಿಸಬೇಕಂತೆ, ಅದಕ್ಕೆ ಡಿಪೋದ ಹತ್ತಿರ ಹಣ ಇಲ್ಲವಂತೆ. ಒಪ್ಪಂದವೇ ದಾರಿ ತೋರಿಸಿದೆ, ನಿಜವಾದ ಬೆಂಕಿಗೆ ಬಳಸಿ ಮುಗಿಸಿ ಅಂತ. ನಾವು ಮುಗಿಸುತ್ತಿದ್ದೇವೆ ಅಂದರು. ಮೊದಲು ತಿಂಗಳಿಗೆ ಒಂದು ಸಲ ಹೊಂಡಕ್ಕೆ ಬೀಳುತ್ತಿದ್ದ ನೊರೆ ಈಗ ವಾರಕ್ಕೆ ಎರಡು ಸಲ ಬೀಳುತ್ತಿದೆ, ಅಕ್ಕ. ಬಾವಿಯ ಮೇಲ್ಮೈಯಲ್ಲಿ ಬೆಳಿಗ್ಗೆ ತೆಳ್ಳಗೆ ಗುಳ್ಳೆ. ಹಗ್ಗಕ್ಕೆ ತಾಗಿ ಒಡೆಯುತ್ತೆ.

ನೀನು ಆ ಸಭೆಯಲ್ಲಿ ಇದ್ದವಳು. ನಿಜವಾದ ಬೆಂಕಿಗೆ ಮಾತ್ರ ಅನ್ನುವ ಆ ಸಾಲು ಬರೆದ ಪುಣ್ಯಾತ್ಮ ಯಾರು ಅಂತ ಗೊತ್ತಿದ್ದರೆ ನನ್ನ ಪರವಾಗಿ ಒಂದು ಮಾತು ಕೇಳು. ಜೀವಮಾನದಲ್ಲಿ ಒಂದು ಸಲವಾದರೂ ಅವನು ಬೆಂಕಿಕಡ್ಡಿ ಗೀರಿದ್ದಾನಾ?

ತಮ್ಮ


ಮೇ 29

ಅಕ್ಕಾ,

ಉತ್ತರ ಇಲ್ಲ. ಬೇಸರ ಆಗಿದ್ದರೆ ಬಿಡು, ಸಾಹೇಬರ ಸೊಲ್ಲು ಅಂದದ್ದನ್ನು ವಾಪಸ್ ತಗೊಂಡೆ.

ಮಗು ಒದೆಯುತ್ತಿದೆ. ಸೈರನ್ ಕೂಗಿದಾಗ ಇನ್ನೂ ಜಾಸ್ತಿ. ನಮ್ಮ ಮನೆತನದ್ದೇ, ಒಳಗಿಂದಲೇ ಡ್ಯೂಟಿಗೆ ಓಡುತ್ತಿದೆ ಅಂತ ಇವಳು ತಮಾಷೆ ಮಾಡುತ್ತಾಳೆ. ಗೇಟಿನ ಹೊರಗಿನ ನಲ್ಲಿ ನಿಂತುಹೋಗಿದೆ. ಬೇಸಿಗೆ ಅಂತಾರೆ. ಬಾವಿಯೇ ಗತಿ. ಅವಳಿಗೆ ಬಾಯಾರಿಕೆ ಹೆಚ್ಚು, ಈ ಹೊತ್ತಿನಲ್ಲಿ ಹಾಗೇ ಅಂತೆ. ಅವಳು ಲೋಟ ಎತ್ತಿದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತೇನೆ.

ಏನಾದರೂ ಬರಿ. ಬೈದಾದರೂ ಬರಿ.

ತಮ್ಮ


ಜೂನ್ 14

ತಮ್ಮಾ,

ಆ ಪುಣ್ಯಾತ್ಮ ನಾನೇ. ಕಡ್ಡಿ ಗೀರಿದ್ದೇನೆ, ಒಲೆ ಹಚ್ಚುವುದಕ್ಕೆ.

ನಮ್ಮ ದೇಶ ಆ ಸಭೆಗೆ ಹೋದದ್ದೇ ವಿನಾಯಿತಿ ಕೇಳುವುದಕ್ಕೆ. ಎಣ್ಣೆ ಡಿಪೋಗಳಲ್ಲಿ ಹಳೇ ನೊರೆ ಬೇಕಾದಷ್ಟಿದೆ, ಅಭ್ಯಾಸಕ್ಕೂ ಬೆಂಕಿಗೂ ಇನ್ನು ಹತ್ತು ವರ್ಷ ಬಳಸಲು ಬಿಡಿ ಅನ್ನುವುದು ನಮ್ಮ ಅಧಿಕಾರಿಗೆ ಮೇಲಿನಿಂದ ಬಂದ ಅಪ್ಪಣೆ. ಅದನ್ನು ಎಳೆದು ಎಳೆದು ಇಷ್ಟಕ್ಕೆ ತಂದವಳು ನಾನು. ಅಭ್ಯಾಸ ಬೇಡ, ನಿಜವಾದ ಬೆಂಕಿಗೆ ಮಾತ್ರ ಅಂತ ಬರೆದು ಅವರ ಕೈಗಿಟ್ಟಾಗ, ಬಹಳ ಬಿಗಿಯಾಯಿತು ಅಂತ ಅವರು ನನ್ನನ್ನು ಗದರಿಸಿದರು. ಬಿಗಿಯಾಗಿದೆ ಅಂತಲೇ ನಾನು ಹಿಗ್ಗಿದ್ದೆ. ಆರಿಸುವುದಕ್ಕೆ ಅಂತ ಬೆಂಕಿ ಹಚ್ಚುವ ಜನ ಇರುತ್ತಾರೆ ಅಂತ ಆ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನಾವೆಲ್ಲ ಬೆಂಕಿ ಅಂದರೆ ಆಕಸ್ಮಿಕ ಅಂದುಕೊಂಡಿದ್ದೆವು.

ಇನ್ನೊಂದು ಮಾತು. ಅಲ್ಲಿ ಕೊಟ್ಟ ರಕ್ತದ ಫಲಿತಾಂಶ ಏಪ್ರಿಲ್ಲಿನಲ್ಲಿ ಬಂತು. ಉಳಿದವರದ್ದೆಲ್ಲ ಒಂದು ಕಡೆ, ನನ್ನದು ಒಂದು ಕಡೆ. ಯಂತ್ರ ಕೆಟ್ಟಿರಬೇಕು ಅಂತ ಇನ್ನೊಂದು ಸಲ ನೋಡಿದರಂತೆ. ಊರು ಬಿಟ್ಟು ಇಷ್ಟು ವರ್ಷ ಆಯಿತು, ಆ ಬಾವಿ ಇನ್ನೂ ನನ್ನೊಳಗಿದೆ. ನಾನು ಎರಡು ವರ್ಷ ಮನೆ ಕಡೆ ತಲೆ ಹಾಕದೆ ಕೆಲಸದ ನೆಪ ಹೇಳಿದ್ದೆನಲ್ಲ, ಆಗ ಎರಡು ಸಲ ಗರ್ಭ ನಿಲ್ಲಲಿಲ್ಲ. ಇದರಿಂದಲೇ ಅಂತ ಯಾವ ಡಾಕ್ಟರೂ ಬರೆದುಕೊಡುವುದಿಲ್ಲ. ಇದರಿಂದ ಅಲ್ಲ ಅಂತಲೂ ಬರೆದುಕೊಡುವುದಿಲ್ಲ. ನಿನ್ನ ಭಾವನಿಗೆ ಮತ್ತು ನನಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಫಲಿತಾಂಶ ತಂದ ಡಾಕ್ಟರಮ್ಮನನ್ನು ಕೇಳಿದೆ, ಇದು ಮೈಯಿಂದ ಹೋಗುವುದು ಹೇಗೆ ಅಂತ. ತಾನಾಗಿ ಅರ್ಧ ಇಳಿಯಲು ವರ್ಷಗಳು ಬೇಕು ಅಂದರು. ಹೆಂಗಸರಿಗೆ ಸ್ವಲ್ಪ ಬೇಗ ಇಳಿಯುತ್ತೆ, ಅಂದರು. ಹೇಗೆ ಅಂದೆ. ಹೊಕ್ಕುಳಬಳ್ಳಿಯಿಂದ, ಆಮೇಲೆ ಹಾಲಿನಿಂದ, ಅಂದರು. ತಾಯಿಯಿಂದ ಇಳಿದದ್ದು ಮಗುವಿಗೆ ಏರುತ್ತೆ. ಇದನ್ನೇ ನಿನಗೆ ಬರೆಯಲಾಗದೆ ಅವಳನ್ನು ಕಳಿಸು ಅಂತ ಒಂದು ಸಾಲು ಬರೆದೆ. ಬಸುರಿಯ ಎದುರಿಗೆ ಓದುವ ಪತ್ರದಲ್ಲಿ ಹೇಗೆ ಬರೆಯಲಿ?

ಹೆದರಿ ಹಾಲು ಬಿಡಿಸಬೇಡಿ. ಕುಡಿಸಲೇಬೇಕು, ಅದರಿಂದ ಆಗುವ ಒಳ್ಳೆಯದೇ ಹೆಚ್ಚು ಅಂತ ಡಾಕ್ಟರಮ್ಮ ಒತ್ತಿ ಹೇಳಿದರು. ಆದರೆ ಇವತ್ತಿನಿಂದ ಅವಳ ಮೈಗೆ ಆ ನೀರು ಒಂದು ಲೋಟವೂ ಸೇರಬಾರದು. ಇಳಿಯುವುದು ಆಮೇಲಿನ ಮಾತು, ಮೊದಲು ಏರುವುದು ನಿಲ್ಲಲಿ.

ನಿಮ್ಮ ಡಿಪೋದ ಬೆಂಕಿಗಳ ಬಗ್ಗೆ ಟಿಪ್ಪಣಿ ಬರೆದು ಮೇಲೆ ಕಳಿಸಿದ್ದೇನೆ. ಮೂಗು ತೂರಿಸಬೇಡ ಅಂದರು. ಆದರೂ ಪರಿಶೀಲನೆಗೆ ಇಬ್ಬರನ್ನು ಕಳಿಸಲು ಒಪ್ಪಿಸಿದ್ದೇನೆ. ಜುಲೈ ಮೊದಲ ದಿನ ಬರುತ್ತಾರೆ. ಅವರಿಗೆ ಎಲ್ಲ ಹೇಳು.

ಅಕ್ಕ


ಜೂನ್ 30, ಬಸ್ ನಿಲ್ದಾಣ

ಅಕ್ಕಾ,

ಬಸ್ಸಿಗೆ ಇನ್ನೂ ಹೊತ್ತಿದೆ. ಇವಳು ಟ್ರಂಕಿನ ಮೇಲೆ ಕೂತು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಾಳೆ. ಅವಳ ಅಮ್ಮನ ಊರಿಗೆ ಹೊರಟಿದ್ದೇವೆ. ನಾನು ಬರೀ ಕಳಿಸಿಕೊಡಲು ಹೊರಟಿಲ್ಲ, ನಾನೂ ಹೋಗುತ್ತಿದ್ದೇನೆ. ಅಲ್ಲಿ ಐದು ಜನ ಇರುವ ಕೋಣೆಯಲ್ಲಿ ಏಳು ಜನ ಆಗುತ್ತೇವೆ, ಸ್ವಲ್ಪ ದಿನಕ್ಕೆ ಎಂಟು. ಅವಳ ಅಣ್ಣನ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವ ಕೆಲಸ ಇದೆ.

ಮೊದಲು ಪರಿಶೀಲನೆಯ ಮಾತು ಹೇಳಿಬಿಡುತ್ತೇನೆ. ನೀನು ಕಳಿಸಿದವರು ನಾಳೆ ಬರುತ್ತಾರೆ ಅನ್ನುವುದು ಸಾಹೇಬರಿಗೆ ಹೋದ ವಾರವೇ ಗೊತ್ತಾಗಿತ್ತು. ಬಂದವರಿಗೆ ಹಳೇ ನೊರೆ ಒಂದು ತೊಟ್ಟೂ ಕಾಣಬಾರದು, ಉಳಿದ ಡ್ರಮ್ಮುಗಳನ್ನೆಲ್ಲ ಒಂದೇ ಬೆಂಕಿಗೆ ಮುಗಿಸಿಬಿಡಿ ಅಂತ ಅಪ್ಪಣೆ ಮಾಡಿದರು. ಅದು ಇವತ್ತು. ಹಾಗಾಗಿ ನಿನ್ನವರು ಬಂದಾಗ ತೊಳೆದು ಒರೆಸಿದ ಖಾಲಿ ಡ್ರಮ್ಮು ತೋರಿಸುತ್ತಾರೆ, ಟೀ ಕೊಡುತ್ತಾರೆ, ದೊಡ್ಡ ಬೆಂಕಿಯನ್ನು ಹೇಗೆ ಆರಿಸಿದೆವು ಅಂತ ಹೇಳುತ್ತಾರೆ. ಅವರಿಗೆ ಫೋನು ಮಾಡು. ಡ್ರಮ್ಮು ನೋಡಬೇಡಿ, ಬಾವಿ ನೀರು ತುಂಬಿಕೊಂಡು ಹೋಗಿ ಅಂತ ಹೇಳು. ಈ ಪತ್ರ ಸೇರುವ ಹೊತ್ತಿಗೆ ತಡವಾಗುತ್ತೆ ಅಂತ ಇಲ್ಲಿನ ಅಂಗಡಿಯಿಂದ ನಿನ್ನ ಆಫೀಸಿಗೆ ಫೋನು ಮಾಡಿದೆ. ಮೀಟಿಂಗಿನಲ್ಲಿದ್ದಾರೆ ಅಂದರು. ನೀರು ನೋಡಲಿ ಅಂತ ಬರೆಸಿದ್ದೇನೆ. ಬರೆದುಕೊಂಡವನು ಯಾವ ನೀರು ಅಂತ ಕೇಳಲೂ ಇಲ್ಲ.

ನಿನ್ನ ಪತ್ರವನ್ನು ಮೊದಲು ನಾನೊಬ್ಬನೇ ಓದಿದೆ. ಮೂರು ದಿನ ಮಡಚಿ ಇಟ್ಟುಕೊಂಡೆ. ನೀನು ಯಾಕೆ ಬರೆಯಲಿಲ್ಲ ಅಂತ ಆ ಮೂರು ದಿನದಲ್ಲಿ ಗೊತ್ತಾಯಿತು. ಆಮೇಲೆ ಇವಳೇ ಕೇಳಿದಳು, ಅತ್ತಿಗೆ ಏನು ಬರೆದಿದ್ದಾರೆ, ಯಾಕೆ ನನ್ನ ಮುಖ ನೋಡೋದು ಬಿಟ್ಟಿದ್ದೀರ ಅಂತ. ಹೇಳಿದೆ. ನಿನ್ನ ಎರಡು ಗರ್ಭದ ಮಾತೂ ಹೇಳಿದೆ, ತಪ್ಪು ತಿಳಿಯಬೇಡ. ಅವಳು ಅಳಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು.

"ಹಾಗಾದ್ರೆ ನನ್ನನ್ನು ತೊಳೀತಿರೋದು ಇದೇನಾ?"

ಅವಳು ಎದ್ದು ಕೊಡದಲ್ಲಿದ್ದ ನೀರನ್ನು ಬಚ್ಚಲಿಗೆ ಸುರಿದು, ಬೋರಲು ಹಾಕಿ, ಟ್ರಂಕಿನಲ್ಲಿ ಬಟ್ಟೆ ತುಂಬಲು ಶುರು ಮಾಡಿದಳು. ಅತ್ತಿಗೆಗೆ ಬರೀರಿ, ಅವರ ಮೇಲೆ ನಂಗೆ ಬೇಜಾರಿಲ್ಲ ಅಂತ, ಅಂದಳು. ಬರೆದಿದ್ದೇನೆ.

ನಿನ್ನೆ ಬೆಳಿಗ್ಗೆ ಸಾಹೇಬರ ಹತ್ತಿರ ಹೋಗಿ, ಇವತ್ತಿನ ಬೆಂಕಿಗೆ ನಾನು ಬರುವುದಿಲ್ಲ ಅಂದೆ. ಈ ಸಲ ಯಾರೂ ನಗಲಿಲ್ಲ. ದೊಡ್ಡ ಹೋಸಿನ ಮೂತಿ ಹಿಡಿಯುವವನು ನಾನಾದ್ದರಿಂದ ಸಾಹೇಬರು ಮೊದಲು ಸಮಾಧಾನದಲ್ಲೇ ಮಾತಾಡಿದರು. ಇದೊಂದು ಆದರೆ ಮುಗಿಯಿತು, ಆಮೇಲೆ ಹೊಸ ನೊರೆ, ನಿನ್ನ ಅಕ್ಕನ ಒಪ್ಪಂದವೂ ಪಾಲನೆ ಆದ ಹಾಗೆ ಅಂದರು. ನಿನ್ನ ಸಂಗತಿ ಅವರಿಗೆ ಹೇಗೆ ಗೊತ್ತಾಯಿತೋ. ನಾನು ತಲೆ ಅಲ್ಲಾಡಿಸಿದೆ.

"ನಿಮ್ಮಪ್ಪ ಇರೋ ಮನೆ ನಿನ್ನ ಹೆಸರಲ್ಲಿದೆ, ಗೊತ್ತಲ್ಲ? ನೀನು ಇಲ್ಲಾಂದ್ರೆ ಅವರೂ ಇಲ್ಲ."

ಗೊತ್ತು ಸಾರ್, ಅಂದು ಹೆಲ್ಮೆಟ್ಟು ಮೇಜಿನ ಮೇಲಿಟ್ಟು ಬಂದೆ. ಧೈರ್ಯದಿಂದ ಬಂದೆ ಅಂದುಕೊಳ್ಳಬೇಡ. ಮೆಟ್ಟಿಲು ಇಳಿಯುವಾಗ ಅಪ್ಪನ ಹಾಸಿಗೆ, ಕುರ್ಚಿ, ಕಟ್ಟೆ ಎಲ್ಲ ಕಣ್ಣ ಮುಂದೆ ಬಂತು. ಮುಂದಿನ ತಿಂಗಳ ಕೊನೆಗೆ ಮನೆ ಖಾಲಿ ಮಾಡಿಸುತ್ತಾರೆ. ಅವರನ್ನು ನೀನು ಕರೆದುಕೊಂಡು ಹೋಗು ಅಂತ ಕೇಳಲು ಬಾಯಿ ಬರುತ್ತಿಲ್ಲ, ಆದರೂ ಕೇಳುತ್ತಿದ್ದೇನೆ.

ಅಪ್ಪನಿಗೆ ನಿನ್ನೆ ಮಧ್ಯಾಹ್ನ ಎಲ್ಲ ಹೇಳಿದೆ. ಊಟ ಮಾಡುತ್ತಿದ್ದರು. ನಿನ್ನ ರಕ್ತದ ಮಾತು ಬರುವ ತನಕ ತುತ್ತು ಎತ್ತುತ್ತಲೇ ಇದ್ದರು. ಆಮೇಲೆ ಕೈ ತಟ್ಟೆಯಲ್ಲೇ ನಿಂತಿತು.

"ನಾನು ವಿಷ ಹೊತ್ಕೊಂಡು ಬಂದು ನಿಮ್ಮಮ್ಮನ ಕೈಗೆ ಕೊಟ್ಟೆ ಅಂತೀಯೇನೋ?" ಅಂದರು.

ಹೌದು ಅನ್ನಲು ಆಗಲಿಲ್ಲ. ಇಲ್ಲ ಅನ್ನಲೂ ಆಗಲಿಲ್ಲ. ಕೈ ಒಣಗಿದ ಮೇಲೆ ಅವರು ಎದ್ದು, ತಟ್ಟೆ ತಾವೇ ತೊಳೆದಿಟ್ಟರು. ಹುಟ್ಟಿದ ಮೇಲೆ ಅಪ್ಪ ತಟ್ಟೆ ತೊಳೆದದ್ದನ್ನು ನಾನು ನೋಡಿರಲಿಲ್ಲ.

ಇವತ್ತು ಬೆಳಿಗ್ಗೆ ಎದ್ದಾಗ ಯೂನಿಫಾರ್ಮ್ ಹಾಕಿಕೊಂಡು ನಿಂತಿದ್ದರು. ಹೋಗೇ ಹೋಗುತ್ತಾರೆ ಅಂತ ಗೊತ್ತಾಯಿತು. ಅಷ್ಟು ವರ್ಷ ಮಾಡಿದ್ದು ತಪ್ಪಲ್ಲ ಅಂತ ತೋರಿಸಲು ಅವರಿಗೆ ಈ ಒಂದು ಬೆಂಕಿ ಬೇಕಿತ್ತೋ, ಅಥವಾ ಎಲ್ಲವನ್ನೂ ತಮ್ಮ ಕೈಯಿಂದಲೇ ಮುಗಿಸಿಬಿಡಬೇಕು ಅಂತ ಇತ್ತೋ, ನನಗೆ ತಿಳಿಯದು. ಹೆಲ್ಮೆಟ್ಟಿನ ಪಟ್ಟಿ ಗದ್ದದ ಕೆಳಗೆ ಸಿಗುತ್ತಿರಲಿಲ್ಲ, ಬೆರಳು ಬಗ್ಗುವುದಿಲ್ಲ ಈಗ. ನಾನು ಹತ್ತಿರ ಹೋಗಿ ಬಿಗಿದೆ. ಚಿಕ್ಕಂದಿನಲ್ಲಿ ನನ್ನ ಶೂ ಲೇಸು ಕಟ್ಟಿಸಿಕೊಳ್ಳುವಾಗ ನಾನು ಎಲ್ಲೋ ನೋಡುತ್ತಿದ್ದ ಹಾಗೆ ಅವರು ಎಲ್ಲೋ ನೋಡುತ್ತಿದ್ದರು. ಇವಳು ಕಾಲು ಮುಟ್ಟಲು ಬಗ್ಗಲಾರದೆ ಕೈ ಮುಗಿದಳು. ಅಪ್ಪ ಅವಳ ಹೊಟ್ಟೆಯ ಕಡೆ ಒಂದು ಸಲ ನೋಡಿ ಥಟ್ಟನೆ ಮುಖ ತಿರುಗಿಸಿದರು. ಟ್ರಂಕ್ ಹೊತ್ತ ಹುಡುಗನ ಜೊತೆ ಅವಳು ಗೇಟಿನ ಕಡೆ ಮುಂದೆ ಹೋದಳು.

ನಾವಿಬ್ಬರೇ ಉಳಿದೆವು. ಅಪ್ಪ ಹೊಸ್ತಿಲು ದಾಟಿ ಮೆಟ್ಟಿಲ ಮೇಲೆ ನಿಂತರು.

"ಬರಲ್ವಾ?" ಅಂದರು.

"ಇಲ್ಲಪ್ಪ."

ಗೋಡೆಯಾಚೆ ನೋಡಿದರು. ಹೊಂಡಕ್ಕೆ ಎಣ್ಣೆ ಸುರಿಯುವ ಸದ್ದು ಕೇಳುತ್ತಿತ್ತು. ಬೆರಳು ಒದ್ದೆ ಮಾಡಿ ಮೇಲೆ ಹಿಡಿದರು.

"ಗಾಳಿ ಈ ಕಡೆಗೇ ಇದೆ" ಅಂದರು. "ಹೋಗೋವಾಗ ಬಾಗಿಲು ಹಾಕ್ಕೊಂಡು ಹೋಗು. ನೊರೆ ಒಳಗೆ ಬರುತ್ತೆ."

ಅಷ್ಟು ಹೇಳಿ, ಹಿಂದೆ ನೋಡದೆ ಹೊಂಡದ ಕಡೆ ನಡೆದರು. ಸೈರನ್ ಕೂಗಲು ಶುರುವಾಯಿತು. ನಾನು ಒಳಗೆ ಹೋಗಿ ಅಡುಗೆ ಮನೆಯ ಕಿಟಕಿ ಮುಚ್ಚಿದೆ, ಅವರ ಕೋಣೆಯ ಕಿಟಕಿ ಮುಚ್ಚಿದೆ, ಹಾಸಿಗೆಯ ಮೇಲೆ ಒಂದು ಹಳೆಯ ಬಟ್ಟೆ ಹೊದಿಸಿದೆ. ಹೊರಗೆ ಬಂದು ಬಾಗಿಲು ಎಳೆದೆ. ಹಲಗೆ ಉಬ್ಬಿತ್ತು, ಮೊದಲ ಸಲಕ್ಕೆ ಕೂರಲಿಲ್ಲ. ಎರಡೂ ಕೈಯಿಂದ ಹಿಡಿ ಹಿಡಿದು ಇನ್ನೊಂದು ಸಲ ಎಳೆದೆ. ಕೂತಿತು. ಹೊರಟೆ.